ತುಂಡು ಗಟ್ಟಿಯಾದರೆ ಗುಡ್ಡವೂ ಗಟ್ಟಿಯೇ? ಶಿಲೆಯ ಸಾಮರ್ಥ್ಯ ಪರೀಕ್ಷೆಯಿಂದ ಶಿಲಾರಾಶಿಯ ವರ್ಗೀಕರಣದವರೆಗೆ ಒಂದು ಪಾಠ

ಪಾಠದ ಆಯ್ಕೆ

ಎಂಟನೆಯ ತರಗತಿಯ ವಿಜ್ಞಾನದಲ್ಲಿ ಮಕ್ಕಳು ‘ಬಲ ಮತ್ತು ಒತ್ತಡ’ವನ್ನು ಕಲಿಯುತ್ತಾರೆ. ಸಮಾಜ ವಿಜ್ಞಾನದಲ್ಲಿ ಅಗ್ನಿಶಿಲೆ, ಜಲಜ ಶಿಲೆ, ರೂಪಾಂತರ ಶಿಲೆಗಳನ್ನು ಕಲಿಯುತ್ತಾರೆ. ಈ ಎರಡು ಪಾಠಗಳೂ ಒಂದನ್ನೊಂದು ಸಂಧಿಸುವುದೇ ಇಲ್ಲ. ಆದರೆ ಸುರಂಗ ಕೊರೆಯುವ, ಅಣೆಕಟ್ಟು ಕಟ್ಟುವ, ಘಾಟಿ ರಸ್ತೆಯ ಗುಡ್ಡ ಕಡಿಯುವ ಎಂಜಿನಿಯರಿಗೆ ಅವೆರಡೂ ಒಂದೇ ಪಾಠ. ಈ ಬಂಡೆ ಎಷ್ಟು ಒತ್ತಡ ತಾಳುತ್ತದೆ ಎಂದು ಆತ ಕೇಳುತ್ತಾನೆ. ತಪ್ಪು ಉತ್ತರ ಬಂದರೆ ಪ್ರಾಣಹಾನಿಯಾಗುತ್ತದೆ.

ನನ್ನ ಅಭ್ಯಾಸ ಬೋಧನೆಯ ಶಾಲೆ ಕೋಲಾರ ಜಿಲ್ಲೆಯಲ್ಲಿದೆ. ಸುತ್ತಮುತ್ತ ಕಲ್ಲುಕ್ವಾರಿಗಳಿವೆ. ಹಲವು ಮಕ್ಕಳ ಮನೆಯವರು ಸೈಜುಗಲ್ಲು, ಚಪ್ಪಡಿ, ಜಲ್ಲಿಯ ಕೆಲಸದಲ್ಲಿದ್ದಾರೆ. ಕಲ್ಲಿನ ಬಗ್ಗೆ ಮಕ್ಕಳಲ್ಲಿ ಮೊದಲೇ ಇರುವ ಈ ತಿಳಿವನ್ನು ಆಧಾರವಾಗಿಟ್ಟುಕೊಂಡು, ರಚನಾವಾದಿ ಪದ್ಧತಿಯ 5ಇ ಮಾದರಿಯಲ್ಲಿ ಈ ಪಾಠವನ್ನು ರೂಪಿಸಿದೆ. ಇದು ಪಠ್ಯಪುಸ್ತಕದ ಘಟಕವಲ್ಲ, ಎರಡು ಘಟಕಗಳನ್ನು ಜೋಡಿಸುವ ವಿಸ್ತರಣಾ ಪಾಠ.

ತರಗತಿ: 9
ಅವಧಿ: ತಲಾ 40 ನಿಮಿಷಗಳ ಎರಡು ಅವಧಿ
ಪೂರ್ವಜ್ಞಾನ: ಒತ್ತಡ = ಬಲ ÷ ವಿಸ್ತೀರ್ಣ; ಶಿಲೆಗಳ ಮೂರು ಬಗೆ; ಶೇಕಡಾ ಲೆಕ್ಕ; ಕೋನಮಾಪಕದ ಬಳಕೆ

ಕಲಿಕಾ ಫಲಗಳು: ವಿದ್ಯಾರ್ಥಿಯು
1. ಶಿಲೆಯ ಗಡಸುತನಕ್ಕೂ ಸಂಪೀಡನ ಸಾಮರ್ಥ್ಯಕ್ಕೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ಹೇಳುವನು/ಳು.
2. ಕೊಟ್ಟ ದತ್ತಾಂಶದಿಂದ ಸಂಪೀಡನ ಸಾಮರ್ಥ್ಯವನ್ನೂ ಆರ್‌ಕ್ಯುಡಿಯನ್ನೂ ಲೆಕ್ಕ ಹಾಕುವನು/ಳು.
3. ಶಿಲಾರಾಶಿಗೆ ಅಂಕ ಕೊಟ್ಟು ಅದರ ವರ್ಗವನ್ನು ಗುರುತಿಸುವನು/ಳು.
4. ಗಟ್ಟಿ ಶಿಲೆಯ ಗುಡ್ಡವೂ ಏಕೆ ಕುಸಿಯಬಹುದು ಎಂಬುದಕ್ಕೆ ಕಾರಣ ಕೊಡುವನು/ಳು.

ಬೋಧನೋಪಕರಣಗಳು: ಜಲ್ಲಿಕಲ್ಲು, ಕಡಪ ಕಲ್ಲಿನ ಎರಡು ಚೂರು, ಬಳಪದ ಕಲ್ಲು, ಕರಾವಳಿಯ ಮುರಕಲ್ಲಿನ ತುಂಡು, ಕಬ್ಬಿಣದ ಮೊಳೆ, ಸೀಮೆಸುಣ್ಣ, ಎರಡು ಕಬ್ಬಿನ ಜಲ್ಲೆ, ಹಲಗೆ, ಕೋನಮಾಪಕ, ಜೇಡಿಮಣ್ಣು, ನೀರು.

ಪರಿಭಾಷೆಯ ಬಗ್ಗೆ ಒಂದು ಮಾತು

ಮಾತಿನಲ್ಲಿ ನಾವು ‘ಕಲ್ಲಿನ ಬಲ’ ಎನ್ನುತ್ತೇವೆ. ಆದರೆ ಭೌತವಿಜ್ಞಾನದ ಪಾಠದಲ್ಲಿ ‘ಬಲ’ ಎಂದರೆ ತಳ್ಳುವಿಕೆ ಅಥವಾ ಎಳೆತ, ಅದರ ಏಕಮಾನ ನ್ಯೂಟನ್. ಕಲ್ಲು ಒಡೆಯುವ ಮುನ್ನ ತಾಳಬಲ್ಲ ಒತ್ತಡಕ್ಕೆ ಏಕಮಾನ ಪ್ಯಾಸ್ಕಲ್. ಎರಡಕ್ಕೂ ಒಂದೇ ಪದ ಬಳಸಿದರೆ ಮಗು ಗೊಂದಲಕ್ಕೆ ಬೀಳುತ್ತದೆ. ಆದ್ದರಿಂದ ಪಾಠದುದ್ದಕ್ಕೂ ಎರಡನೆಯದನ್ನು ‘ಸಾಮರ್ಥ್ಯ’ ಎಂದೇ ಕರೆದೆ. ಕೈಯಲ್ಲಿ ಹಿಡಿಯುವ ಬಿರುಕಿಲ್ಲದ ತುಂಡು ‘ಶಿಲೆ’. ಬಿರುಕು, ಪದರ, ನೀರು ಎಲ್ಲವನ್ನೂ ಒಳಗೊಂಡ ಇಡೀ ಬಂಡೆ ‘ಶಿಲಾರಾಶಿ’. ಈ ಎರಡು ಪದಗಳ ಅಂತರವೇ ಪಾಠದ ತಿರುಳು.

ಹಂತ 1: ತೊಡಗಿಸಿಕೊಳ್ಳುವಿಕೆ

ನಾಲ್ಕು ಬಗೆಯ ಕಲ್ಲುಗಳನ್ನು ಗುಂಪುಗಳಿಗೆ ಕೊಟ್ಟು, ಗಟ್ಟಿಯಾದದ್ದರಿಂದ ಮೆದುವಾದದ್ದರವರೆಗೆ ಸಾಲಾಗಿ ಜೋಡಿಸಲು ಹೇಳಿದೆ. ಸಾಧನ ಎರಡೇ: ಉಗುರು ಮತ್ತು ಮೊಳೆ. ಬಳಪದ ಕಲ್ಲಿನ ಮೇಲೆ ಉಗುರಿನ ಗೆರೆ ಬಿತ್ತು. ಮುರಕಲ್ಲಿನಿಂದ ಮೊಳೆಗೆ ಪುಡಿ ಉದುರಿತು. ಕಡಪ ಕಲ್ಲಿನ ಮೇಲೆ ಮೊಳೆಯ ಬಿಳಿ ಗೆರೆ ಮೂಡಿತು, ಆದರೆ ಪುಡಿಯಾಗಲಿಲ್ಲ. ಜಲ್ಲಿಯ ಮೇಲೆ ಮೊಳೆಯೇ ಸವೆಯಿತು.

ಇಲ್ಲಿ ನಿಂತು ಕೇಳಬೇಕಾದ ಪ್ರಶ್ನೆ: ಗೆರೆ ಬಿದ್ದ ಮಾತ್ರಕ್ಕೆ ಕಡಪ ಕಲ್ಲು ದುರ್ಬಲವೇ? ಅದೇ ಕಲ್ಲನ್ನು ಮನೆಗಳಲ್ಲಿ ನೆಲಕ್ಕೂ ಕಪಾಟಿಗೂ ಹಾಕಿದ್ದಾರಲ್ಲ? ಗೆರೆ ಬೀಳುವುದು ಖನಿಜದ ಗಡಸುತನಕ್ಕೆ ಸಂಬಂಧಿಸಿದ್ದು. ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿಯದು, ಅದರ ಮುಖ್ಯ ಖನಿಜವಾದ ಕ್ಯಾಲ್ಸೈಟ್ ಮೋಸ್ ಮಾಪಕದಲ್ಲಿ 3ನೆಯದು. ಅದು ಭಾರ ತಾಳುವ ಪ್ರಮಾಣ ಬೇರೆ ಮಾತು. ಗಡಸುತನ ಮತ್ತು ಸಾಮರ್ಥ್ಯ ಒಂದೇ ಎಂಬ ತಪ್ಪು ಪರಿಕಲ್ಪನೆ ಇಲ್ಲಿಯೇ ಸಡಿಲವಾಗುತ್ತದೆ.

ಈ ಚಟುವಟಿಕೆ ಮಕ್ಕಳಾಟವಲ್ಲ ಎಂದೂ ತಿಳಿಸಿದೆ. ಅಂತರರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಘವು ಸೂಚಿಸಿರುವ ಕ್ಷೇತ್ರ ಪರೀಕ್ಷೆ ಇದೇ ಬಗೆಯದು. ಉಗುರು, ಚಾಕು, ಭೂವಿಜ್ಞಾನಿಯ ಸುತ್ತಿಗೆ ಇವೇ ಅದರ ಸಾಧನಗಳು. ಅದರ ಸಾರವನ್ನು ಹಲಗೆಯ ಮೇಲೆ ಬರೆದೆ:

ಉಗುರಿನಿಂದ ಗುರುತು ಬೀಳುತ್ತದೆ – 0.25ರಿಂದ 1 ಮೆಗಾಪ್ಯಾಸ್ಕಲ್
ಸುತ್ತಿಗೆಯ ಮೊನೆಯ ಪೆಟ್ಟಿಗೆ ಪುಡಿಯಾಗುತ್ತದೆ, ಚಾಕುವಿನಿಂದ ಹೆರೆಯಬಹುದು – 1ರಿಂದ 5
ಚಾಕುವಿನಿಂದ ಕಷ್ಟಪಟ್ಟು ಹೆರೆಯಬಹುದು – 5ರಿಂದ 25
ಚಾಕುವಿಗೆ ಹೆರೆಯಲು ಬಾರದು, ಒಂದೇ ಬಲವಾದ ಪೆಟ್ಟಿಗೆ ಒಡೆಯುತ್ತದೆ – 25ರಿಂದ 50
ಒಂದಕ್ಕಿಂತ ಹೆಚ್ಚು ಪೆಟ್ಟು ಬೇಕು – 50ರಿಂದ 100
ಹಲವು ಪೆಟ್ಟು ಬೇಕು – 100ರಿಂದ 250
ಬರೀ ಚಕ್ಕೆ ಏಳುತ್ತದೆ – 250ಕ್ಕಿಂತ ಹೆಚ್ಚು

ಸುರಕ್ಷತೆ: ಸುತ್ತಿಗೆಯ ಪರೀಕ್ಷೆಯನ್ನು ಮಕ್ಕಳಿಂದ ಮಾಡಿಸಬಾರದು. ಮಾಡಿ ತೋರಿಸುವುದಾದರೆ ಶಿಕ್ಷಕರು ಕಣ್ಣಿಗೆ ಕನ್ನಡಕ ಧರಿಸಿ, ಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ, ಮಕ್ಕಳನ್ನು ದೂರ ನಿಲ್ಲಿಸಿ ಮಾಡಬೇಕು.

ಹಂತ 2: ಅನ್ವೇಷಣೆ

(ಅ) ಸೀಮೆಸುಣ್ಣದ ಪ್ರಯೋಗ. ಒಂದು ಸೀಮೆಸುಣ್ಣದ ತುಂಡನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಬೆರಳಿನಿಂದ ಒತ್ತಿದರೆ ಒಡೆಯುವುದಿಲ್ಲ. ಅದನ್ನೇ ಎರಡು ರಬ್ಬರಿನ ಮೇಲೆ ಅಡ್ಡಲಾಗಿಟ್ಟು ನಡುವೆ ಒತ್ತಿದರೆ ತಟ್ಟನೆ ಮುರಿಯುತ್ತದೆ. ಒತ್ತುವುದನ್ನು ತಾಳುವ ವಸ್ತು ಎಳೆತವನ್ನು ಅಷ್ಟು ತಾಳುವುದಿಲ್ಲ. ಕಲ್ಲಿನ ಗುಣವೂ ಇದೇ. ಹಳೆಯ ದೇವಾಲಯಗಳ ಮಂಟಪದಲ್ಲಿ ಕಂಬಗಳು ಹತ್ತಿರ ಹತ್ತಿರ ಏಕಿವೆ ಎಂದು ಕೇಳಿದಾಗ ಒಬ್ಬ ಹುಡುಗಿ, “ಮೇಲಿನ ತೊಲೆಗಲ್ಲು ಉದ್ದವಾದರೆ ಸೀಮೆಸುಣ್ಣದ ಥರ ನಡುವೆ ಮುರಿಯುತ್ತೆ ಮಿಸ್” ಎಂದಳು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

(ಆ) ಕಬ್ಬಿನ ಕೋರ್. ಭೂಮಿಯೊಳಗಿನ ಬಂಡೆಯನ್ನು ನೋಡಲು ವಜ್ರದ ಹಲ್ಲಿನ ಕೊಳವೆಯಿಂದ ಕೊರೆದು ಉರುಳೆಯಾಕಾರದ ಮಾದರಿ ತೆಗೆಯುತ್ತಾರೆ, ಅದೇ ಕೋರ್. ನಮ್ಮ ಕೋರ್ ಕಬ್ಬಿನ ಜಲ್ಲೆ. ಒಂದೇ ಹೊಲದ ಎರಡು ಜಲ್ಲೆಗಳನ್ನು ತಲಾ 100 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಬೇರೆ ಬೇರೆ ಅಳತೆಯಲ್ಲಿ ತುಂಡು ಮಾಡಿ, ಸಾಲಾಗಿ ಮೇಜಿನ ಮೇಲೆ ಇಟ್ಟೆ.

‘ಕ’ ಕೋರ್: 46, 9, 38, 7 ಸೆಂ.ಮೀ.
‘ಖ’ ಕೋರ್: 9, 8, 14, 6, 5, 9, 12, 7, 8, 9, 4, 9 ಸೆಂ.ಮೀ.

10 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ ತುಂಡುಗಳನ್ನಷ್ಟೇ ಕೂಡಿಸಿ, ಕೊರೆದ ಒಟ್ಟು ಉದ್ದದಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ‘ಕ’ದಲ್ಲಿ 46 + 38 = 84, ಅಂದರೆ ಶೇ. 84. ‘ಖ’ದಲ್ಲಿ 14 + 12 = 26, ಅಂದರೆ ಶೇ. 26. ಇದೇ ಆರ್‌ಕ್ಯುಡಿ, ಶಿಲೆಯ ಗುಣಮಟ್ಟದ ಸೂಚಕ. ಅಮೆರಿಕದ ಡಾನ್ ಡೀರ್ 1960ರ ದಶಕದಲ್ಲಿ ಇದನ್ನು ರೂಪಿಸಿದರು. ಶೇ. 25ಕ್ಕಿಂತ ಕಡಿಮೆ ತೀರಾ ಕಳಪೆ, 25–50 ಕಳಪೆ, 50–75 ಸಾಧಾರಣ, 75–90 ಉತ್ತಮ, 90–100 ಅತ್ಯುತ್ತಮ.

ಮಕ್ಕಳಿಂದ ಎರಡು ಪ್ರಶ್ನೆ ಬಂದವು. ಕೊರೆಯುವಾಗ ಯಂತ್ರದಿಂದಲೇ ಮುರಿದರೆ? ಅಂಥ ಹೊಸ ಮುರಿತದ ಎರಡು ತುಂಡನ್ನು ಒಂದೇ ಎಂದು ಎಣಿಸಬೇಕು. ಪುಡಿಯಾಗಿ ಕೊಳವೆಯಲ್ಲಿ ಸಿಗದೇ ಹೋದ ಭಾಗ? ಅದು ಛೇದದಲ್ಲಿ ಉಳಿಯುತ್ತದೆ, ಅಂಶದಲ್ಲಿ ಸೇರುವುದಿಲ್ಲ. ಸಿಗದೇ ಹೋದದ್ದೂ ಒಂದು ಮಾಹಿತಿಯೇ ಎಂಬ ಅಂಶ ಮಕ್ಕಳಿಗೆ ಹಿಡಿಸಿತು.

(ಇ) ಜಾರುವ ಕಲ್ಲು. ಕಡಪ ಕಲ್ಲಿನ ಒಂದು ಚೂರನ್ನು ಹಲಗೆಗೆ ಅಂಟಿಸಿ, ಇನ್ನೊಂದನ್ನು ಅದರ ಮೇಲಿಟ್ಟು, ಹಲಗೆಯನ್ನು ನಿಧಾನವಾಗಿ ಎತ್ತುತ್ತಾ ಮೇಲಿನ ಚೂರು ಜಾರುವ ಕೋನವನ್ನು ಅಳೆಯಿರಿ. ಮೊದಲು ಒರಟು ಮುಖಗಳು ಎದುರುಬದುರಾಗಿ. ಆಮೇಲೆ ನುಣುಪು ಮುಖಗಳು. ಕೊನೆಗೆ ನಡುವೆ ತೆಳುವಾಗಿ ಹಸಿ ಜೇಡಿ ಸವರಿ. ಪ್ರತಿ ಬಾರಿಯೂ ಕೋನ ಇಳಿಯಿತು. ಕಲ್ಲು ಬದಲಾಗಲಿಲ್ಲ, ಕಲ್ಲು ಕಲ್ಲಿನ ನಡುವಿನ ಸ್ಥಿತಿ ಮಾತ್ರ ಬದಲಾಯಿತು. ಇಡೀ ಪಾಠದಲ್ಲಿ ಒಂದೇ ಚಟುವಟಿಕೆಗೆ ಸಮಯವಿದ್ದರೆ ಇದನ್ನೇ ಮಾಡಿಸಿ ಎನ್ನುತ್ತೇನೆ.

ಹಂತ 3: ವಿವರಣೆ

ಪ್ರಯೋಗಾಲಯದಲ್ಲಿ ಸಾಮರ್ಥ್ಯವನ್ನು ಅಳೆಯುವ ಮೂರು ವಿಧಾನಗಳನ್ನು ವಿವರಿಸಿದೆ.

ಏಕಾಕ್ಷ ಸಂಪೀಡನ ಪರೀಕ್ಷೆ: ಉರುಳೆಯಾಕಾರದ ಕೋರ್‌ನ ಎರಡೂ ತುದಿಗಳನ್ನು ಸಮತಟ್ಟಾಗಿ ಉಜ್ಜಿ, ಯಂತ್ರದಲ್ಲಿಟ್ಟು ಒಡೆಯುವವರೆಗೆ ಒತ್ತುತ್ತಾರೆ. ಲೆಕ್ಕಕ್ಕೆ ಒಂದು ಉದಾಹರಣೆ: ಕೋರ್‌ನ ವ್ಯಾಸ 54 ಮಿ.ಮೀ., ಒಡೆದಾಗಿನ ಬಲ 275 ಕಿಲೋನ್ಯೂಟನ್. ವಿಸ್ತೀರ್ಣ ಸುಮಾರು 2290 ಚದರ ಮಿ.ಮೀ. 2,75,000 ÷ 2290 = ಸುಮಾರು 120 ಮೆಗಾಪ್ಯಾಸ್ಕಲ್. ಅಂಗೈಯಲ್ಲಿ ಹಿಡಿಯಬಹುದಾದ ಕಲ್ಲು ಹೆಚ್ಚುಕಡಿಮೆ 28 ಟನ್ ಭಾರ ಹೊತ್ತ ಮೇಲೆ ಒಡೆಯಿತು ಎಂದಾಗ ತರಗತಿ ನಿಶ್ಶಬ್ದವಾಯಿತು.

ಬಿಂದುಭಾರ ಪರೀಕ್ಷೆ: ಕೋರನ್ನು ಎರಡು ಶಂಕುವಿನಾಕಾರದ ಮೊನೆಗಳ ನಡುವೆ ಹಿಡಿದು ಒಡೆಯುತ್ತಾರೆ. ಒಯ್ಯಬಹುದಾದ ಉಪಕರಣ, ತುದಿ ಉಜ್ಜುವ ಶ್ರಮವಿಲ್ಲ. ಬಲವನ್ನು ವ್ಯಾಸದ ವರ್ಗದಿಂದ ಭಾಗಿಸಿದರೆ ಸೂಚ್ಯಂಕ ಸಿಗುತ್ತದೆ. 50 ಮಿ.ಮೀ. ಕೋರ್ 12.5 ಕಿಲೋನ್ಯೂಟನ್‌ಗೆ ಒಡೆದರೆ 12,500 ÷ 2500 = 5 ಮೆಗಾಪ್ಯಾಸ್ಕಲ್. ಇದನ್ನು ಸಾಮಾನ್ಯವಾಗಿ 20ರಿಂದ 25ರಿಂದ ಗುಣಿಸಿ ಸಂಪೀಡನ ಸಾಮರ್ಥ್ಯವನ್ನು ಅಂದಾಜಿಸುತ್ತಾರೆ. 24ರಿಂದ ಗುಣಿಸಿದರೆ 120. ಇಷ್ಟು ಕಡಿಮೆ ಬಲಕ್ಕೆ ಏಕೆ ಒಡೆಯಿತು? ಮೊನೆಗಳ ನಡುವೆ ಸಿಕ್ಕ ಕಲ್ಲು ಎಳೆತದಿಂದ ಸೀಳುತ್ತದೆ. ಅಡ್ಡಲಾಗಿಟ್ಟ ಸೀಮೆಸುಣ್ಣವನ್ನು ಇಲ್ಲಿ ನೆನಪಿಸಬೇಕು. ಗುಣಕ ಶಿಲೆಯಿಂದ ಶಿಲೆಗೆ ಬದಲಾಗುತ್ತದೆ. 15ರಿಂದ 50ರವರೆಗೂ ಹೋಗಬಹುದು. ಆದ್ದರಿಂದ ಇದು ಅಂದಾಜು, ಅಳತೆಯಲ್ಲ.

ಸ್ಮಿತ್ ಸುತ್ತಿಗೆ: ಸ್ಪ್ರಿಂಗ್ ಕಡ್ಡಿಯೊಂದು ಬಂಡೆಗೆ ಬಡಿದು ಎಷ್ಟು ಹಿಂದಕ್ಕೆ ಚಿಮ್ಮುತ್ತದೆ ಎಂಬುದನ್ನು ಅಳೆಯುತ್ತದೆ. ಮೂಲತಃ ಕಾಂಕ್ರೀಟಿಗಾಗಿ ಬಂದದ್ದು. ಗಟ್ಟಿ ನೆಲದ ಮೇಲೆ ಚೆಂಡು ಹೆಚ್ಚು ಪುಟಿಯುತ್ತದೆ ಎಂದರೆ ಸಾಕು, ಮಕ್ಕಳಿಗೆ ಅರ್ಥವಾಗುತ್ತದೆ.

ಇನ್ನು ಮುಖ್ಯ ಪ್ರಶ್ನೆ. ‘ಕ’ ಮತ್ತು ‘ಖ’ ಎರಡೂ 120 ಮೆಗಾಪ್ಯಾಸ್ಕಲ್‌ನ ಒಂದೇ ಶಿಲೆ ಎಂದುಕೊಳ್ಳೋಣ. ಸುರಂಗಕ್ಕೆ ಎರಡೂ ಒಂದೇ ಆಗುತ್ತವೆಯೇ?

ಇದಕ್ಕೆ ಉತ್ತರ ಕೊಡುವ ಒಂದು ಪದ್ಧತಿ ಆರ್‌ಎಂಆರ್, ಅಂದರೆ ಶಿಲಾರಾಶಿ ಅಂಕ. ಬಿನಿಯಾವ್‌ಸ್ಕಿ 1973ರಲ್ಲಿ ಇದನ್ನು ಮುಂದಿಟ್ಟು 1989ರವರೆಗೆ ಪರಿಷ್ಕರಿಸಿದರು. ಭಾರತೀಯ ಮಾನಕ 13365ರ ಮೊದಲ ಭಾಗವೂ ಈ ಪದ್ಧತಿಯ ಬಗ್ಗೆಯೇ ಇದೆ. 100 ಅಂಕಗಳ ಹಂಚಿಕೆಯನ್ನು ಹೇಳುವ ಮೊದಲು, ಸಾಮರ್ಥ್ಯಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಮಕ್ಕಳನ್ನೇ ಕೇಳಿದೆ. ಹೆಚ್ಚಿನವರು ಅರ್ಧಕ್ಕಿಂತ ಹೆಚ್ಚು ಕೊಟ್ಟರು. ನಿಜವಾದ ಹಂಚಿಕೆ ಹೀಗಿದೆ:

ಶಿಲೆಯ ಸಾಮರ್ಥ್ಯ – ಗರಿಷ್ಠ 15
ಆರ್‌ಕ್ಯುಡಿ – 20
ಸೀಳುಗಳ ನಡುವಿನ ಅಂತರ – 20
ಸೀಳುಗಳ ಸ್ಥಿತಿ – 30
ಅಂತರ್ಜಲ – 15

ಸಾಮರ್ಥ್ಯಕ್ಕೆ 15 ಮಾತ್ರ. ಸೀಳುಗಳಿಗೆ ಸಂಬಂಧಿಸಿದ ಮೂರು ಅಂಶಗಳಿಗೆ ಒಟ್ಟು 70. ಬಂಡೆ ಸಾಮಾನ್ಯವಾಗಿ ಕಲ್ಲು ಒಡೆದು ಬೀಳುವುದಿಲ್ಲ, ಸೀಳಿನಲ್ಲಿ ಜಾರಿ ಬೀಳುತ್ತದೆ.

ಹಂತ 4: ವಿಸ್ತರಣೆ

ಕಬ್ಬಿನ ಎರಡು ಕೋರ್‌ಗಳಿಗೆ ಒಂದೊಂದು ಸನ್ನಿವೇಶ ಕಟ್ಟಿಕೊಟ್ಟು ಗುಂಪುಗಳಿಂದ ಅಂಕ ಹಾಕಿಸಿದೆ. ‘ಕ’: ಸೀಳುಗಳು ಸ್ವಲ್ಪ ಒರಟು, ಬಿರುಕಿನ ಬಾಯಿ 1 ಮಿ.ಮೀ.ಗಿಂತ ಕಡಿಮೆ, ಶಿಥಿಲತೆ ಅಲ್ಪ, ಬಂಡೆ ತೇವವಾಗಿದೆ. ‘ಖ’: ಸೀಳುಗಳಲ್ಲಿ 5 ಮಿ.ಮೀ.ಗಿಂತ ಕಡಿಮೆ ದಪ್ಪದ ಜೇಡಿ ತುಂಬಿದೆ, ನೀರು ತೊಟ್ಟಿಕ್ಕುತ್ತಿದೆ.

ಅಂಶ – ‘ಕ’ – ‘ಖ’
ಸಾಮರ್ಥ್ಯ (120 ಮೆಗಾಪ್ಯಾಸ್ಕಲ್) – 12 – 12
ಆರ್‌ಕ್ಯುಡಿ (84, 26) – 17 – 8
ಸರಾಸರಿ ಅಂತರ (25 ಸೆಂ.ಮೀ.; ಸುಮಾರು 8 ಸೆಂ.ಮೀ.) – 10 – 8
ಸೀಳಿನ ಸ್ಥಿತಿ – 25 – 10
ನೀರು – 10 – 4
ಮೊತ್ತ – 74 – 42
ಸೀಳುಗಳ ದಿಕ್ಕಿಗೆ ಕಡಿತ (ಅನುಕೂಲ, ಪ್ರತಿಕೂಲ) – 2 – 10
ಅಂತಿಮ ಅಂಕ – 72 – 32

81ರಿಂದ 100 ಮೊದಲ ವರ್ಗ, 61ರಿಂದ 80 ಎರಡನೆಯದು, 41ರಿಂದ 60 ಮೂರನೆಯದು, 21ರಿಂದ 40 ನಾಲ್ಕನೆಯದು, ಅದಕ್ಕಿಂತ ಕಡಿಮೆ ಐದನೆಯದು. ‘ಕ’ ಎರಡನೆಯ ವರ್ಗ, ‘ಖ’ ನಾಲ್ಕನೆಯ ವರ್ಗ. ಬಿನಿಯಾವ್‌ಸ್ಕಿಯವರ ಕೋಷ್ಟಕದ ಪ್ರಕಾರ, ಎರಡನೆಯ ವರ್ಗದ ಬಂಡೆಯಲ್ಲಿ 10 ಮೀಟರ್ ಅಗಲದ ಸುರಂಗ ಆಧಾರವಿಲ್ಲದೆ ಸರಾಸರಿ 1 ವರ್ಷ ನಿಲ್ಲುತ್ತದೆ. ನಾಲ್ಕನೆಯ ವರ್ಗದಲ್ಲಿ ಬರೀ 2.5 ಮೀಟರ್ ಅಗಲ, 10 ಗಂಟೆ. ಕಲ್ಲು ಒಂದೇ. ಒಂದರಲ್ಲಿ ಆಧಾರ ಕೊಡಲು ಸಮಯವಿದೆ, ಇನ್ನೊಂದರಲ್ಲಿ ಮರುದಿನದ ಪಾಳಿ ಬರುವುದರೊಳಗೆ ಛಾವಣಿ ಕಳಚಬಹುದು.

ಇದು ಕೇವಲ ಲೆಕ್ಕವಲ್ಲ ಎಂದು ತೋರಿಸಲು ಮಾಲ್‌ಪಾಸೆಯ ಕಥೆ ಹೇಳಿದೆ. ದಕ್ಷಿಣ ಫ್ರಾನ್ಸಿನ ಫ್ರೆಜುಸ್ ಪಟ್ಟಣದ ಮೇಲ್ಭಾಗದಲ್ಲಿ, ರೇರಾನ್ ನದಿಗೆ ಅಡ್ಡಲಾಗಿ ಕಟ್ಟಿದ ತೆಳು ಕಮಾನಿನ ಅಣೆಕಟ್ಟು ಅದು. ವಿನ್ಯಾಸ ಮಾಡಿದವರು ಹೆಸರಾಂತ ಎಂಜಿನಿಯರ್ ಆಂಡ್ರೆ ಕೊಯ್ನ್. ಭಾರೀ ಮಳೆಗೆ ಜಲಾಶಯ ತುಂಬಿತು. 1959ರ ಡಿಸೆಂಬರ್ 2ರ ರಾತ್ರಿ ಎಡದಂಡೆಯ ಅಡಿಪಾಯದ ಬಂಡೆ ಸರಿಯಿತು, ಅಣೆಕಟ್ಟು ಒಡೆಯಿತು, 400ಕ್ಕೂ ಹೆಚ್ಚು ಜನ ಸತ್ತರು. ಅಡಿಪಾಯದ ಶಿಲೆ ನೈಸ್. ಅದರ ಪದರಗಳು ಮತ್ತು ಮೊದಲು ಗಮನಕ್ಕೆ ಬಾರದಿದ್ದ ಒಂದು ಸ್ತರಭಂಗ ಸೇರಿ ಬೆಣೆಯಾಕಾರದ ತುಂಡನ್ನು ಬಿಡಿಸಿದ್ದವು. ಒಳಹೊಕ್ಕ ನೀರಿನ ಒತ್ತಡ ಅದನ್ನು ಎತ್ತಿ ಸರಿಸಿತು. ಸಿಮೆಂಟಿನ ಗೋಡೆ ಸೋಲಲಿಲ್ಲ, ಅದರ ಕೆಳಗಿನ ಬಂಡೆ ಸೋತಿತು. 1962ರಲ್ಲಿ ಸಾಲ್ಸ್‌ಬರ್ಗ್‌ನಲ್ಲಿ ಅಂತರರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಘ ಹುಟ್ಟಿದ ಕಾಲ ಇದು. ಮೊದಲ ಹಂತದಲ್ಲಿ ಹೇಳಿದ ಉಗುರು–ಸುತ್ತಿಗೆಯ ಪಟ್ಟಿ ಅದೇ ಸಂಘದ್ದು.

ನೈಸ್ ನಮಗೆ ಪರಕೀಯವಲ್ಲ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ನೈಸ್, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಕ್ಕಳ ಮನೆಯವರು ದಿನವೂ ಈ ಜಾತಿಯ ಕಲ್ಲಿನ ಎಳೆ ನೋಡಿಯೇ ಗುಳಿ ಹೊಡೆದು ಉಳಿ ಬಿಗಿಯುತ್ತಾರೆ. ಚಪ್ಪಡಿ ಏಳುವುದು ಎಲ್ಲಿ ಎಂಬ ಅವರ ತಿಳಿವೂ, ಬಂಡೆ ಜಾರುವುದು ಎಲ್ಲಿ ಎಂಬ ಎಂಜಿನಿಯರನ ತಿಳಿವೂ ಒಂದೇ ಪ್ರಶ್ನೆಯ ಎರಡು ಮುಖ. ಇದನ್ನು ಹೇಳಿದಾಗ ಹಿಂದಿನ ಸಾಲಿನಲ್ಲಿ ಸದಾ ಸುಮ್ಮನಿರುವ ಹುಡುಗ ಎದ್ದು, ಅಪ್ಪ ಸುತ್ತಿಗೆಯಿಂದ ತಟ್ಟಿ ಶಬ್ದ ಕೇಳುತ್ತಾರೆ, ಒಳಗೆ ಬಿರುಕಿದ್ದರೆ ‘ಡಬ್’ ಅನ್ನುತ್ತದೆ ಎಂದು ವಿವರಿಸಿದ. ಆ ಅವಧಿಯ ಶಿಕ್ಷಕ ಅವನೇ ಆದ.

ಹಂತ 5: ಮೌಲ್ಯಮಾಪನ

1. ಬಿಂದುಭಾರ ಸೂಚ್ಯಂಕ 3 ಮೆಗಾಪ್ಯಾಸ್ಕಲ್ ಇದ್ದರೆ ಸಂಪೀಡನ ಸಾಮರ್ಥ್ಯ ಅಂದಾಜು ಎಷ್ಟು? (ಗುಣಕ 24) ಇದನ್ನು ನಿಖರವೆಂದು ಏಕೆ ಹೇಳಲಾಗದು?
2. 150 ಸೆಂ.ಮೀ. ಕೊರೆದಾಗ 30, 8, 22, 11, 9, 40 ಸೆಂ.ಮೀ. ತುಂಡುಗಳು ಸಿಕ್ಕವು, ಉಳಿದದ್ದು ಸಿಗಲಿಲ್ಲ. ಆರ್‌ಕ್ಯುಡಿ ಎಷ್ಟು? (ಉತ್ತರ: 103 ÷ 150, ಸುಮಾರು ಶೇ. 69, ಸಾಧಾರಣ)
3. ಮಳೆಗಾಲದಲ್ಲಿ ಘಾಟಿ ರಸ್ತೆಯ ಬಂಡೆ ಹೆಚ್ಚು ಜಾರುವುದೇಕೆ? ಹಲಗೆಯ ಪ್ರಯೋಗದ ಆಧಾರದಿಂದ ಉತ್ತರಿಸಿ.
ಗೃಹಕಾರ್ಯ: ನಿಮ್ಮ ಊರಿನ ಒಂದು ಬಂಡೆಯನ್ನು ದೂರದಿಂದ ನೋಡಿ ಚಿತ್ರ ಬರೆದು, ಸೀಳುಗಳ ದಿಕ್ಕು ಗುರುತಿಸಿ. ಕ್ವಾರಿಯ ಒಳಗೆ ಹೋಗಬಾರದು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಪಾಠ ಸಿದ್ಧಪಡಿಸುವಾಗ ನನಗೆ ಹೊಳೆದದ್ದು: ಆರ್‌ಎಂಆರ್ ಎಂದರೆ ನಾವು ಮೌಲ್ಯಮಾಪನದಲ್ಲಿ ಬರೆಯುವ ರೂಬ್ರಿಕ್. ಮಾನದಂಡಗಳು, ತೂಕ, ಮೊತ್ತ, ಶ್ರೇಣಿ ಎಲ್ಲವೂ ಇವೆ. ಆದ್ದರಿಂದ ರೂಬ್ರಿಕ್‌ನ ಗುಣವೂ ದೋಷವೂ ಅದಕ್ಕಿವೆ.

ಒಂದು: ಆರ್‌ಕ್ಯುಡಿ ಮತ್ತು ಸೀಳುಗಳ ಅಂತರ ಎರಡೂ ಬಹುಮಟ್ಟಿಗೆ ಒಂದೇ ಗುಣವನ್ನು ಅಳೆಯುತ್ತವೆ. ಅಕ್ಷರ ಚೆನ್ನಾಗಿರುವುದಕ್ಕೂ ಅಚ್ಚುಕಟ್ಟುತನಕ್ಕೂ ಬೇರೆ ಬೇರೆ ಅಂಕ ಇಟ್ಟರೆ ಒಂದೇ ಮಗುವಿಗೆ ಎರಡು ಬಾರಿ ಪೆಟ್ಟು ಬೀಳುವ ಹಾಗೆ.

ಎರಡು: ಮೊತ್ತ ಕಾರಣವನ್ನು ಮರೆಸುತ್ತದೆ. ನೀರಿನಿಂದ ಅಂಕ ಕಳೆದುಕೊಂಡ ಬಂಡೆಗೆ ನೀರು ಬಸಿಯುವ ದಾರಿ ಬೇಕು. ಜೇಡಿಯಿಂದ ಕಳೆದುಕೊಂಡದ್ದಕ್ಕೆ ಆಧಾರ ಬೇಕು. ಇಬ್ಬರೂ 42 ಪಡೆದ ಮಕ್ಕಳಿಗೆ ಒಂದೇ ಪರಿಹಾರ ಬೋಧನೆ ಕೊಡುವುದು ಎಷ್ಟು ಸರಿಯೋ ಎರಡೂ ಬಂಡೆಗಳಿಗೆ ಒಂದೇ ಚಿಕಿತ್ಸೆ ಅಷ್ಟೇ ಸರಿ.

ಮೂರು: ರೂಬ್ರಿಕ್‌ನಲ್ಲಿಲ್ಲದ್ದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ನಮ್ಮದೇ ಜಿಲ್ಲೆಯ ಕೆ.ಜಿ.ಎಫ್. ಗಣಿ 3 ಕಿಲೋಮೀಟರಿಗೂ ಆಳಕ್ಕಿಳಿದಿತ್ತು. ಅಲ್ಲಿ ಗಟ್ಟಿ ಬಂಡೆಯೇ ಮೇಲಿನ ಭಾರಕ್ಕೆ ಸಿಡಿದು ಪ್ರಾಣ ತೆಗೆಯುತ್ತಿತ್ತು. ಆಳದ ಆ ಒತ್ತಡಕ್ಕೆ ಆರ್‌ಎಂಆರ್‌ನಲ್ಲಿ ಪ್ರತ್ಯೇಕ ಅಂಕವಿಲ್ಲ. 1974ರಲ್ಲಿ ನಾರ್ವೆಯ ಬಾರ್ಟನ್ ಮತ್ತು ಸಂಗಡಿಗರು ಕೊಟ್ಟ ‘ಕ್ಯು’ ಪದ್ಧತಿಯಲ್ಲಿ ಅದಕ್ಕೊಂದು ಸ್ಥಾನವಿದೆ. ಎಂಜಿನಿಯರರು ಎರಡೂ ಪದ್ಧತಿಗಳಿಂದ ಅಳೆದು ಹೋಲಿಸುವುದು ಇದಕ್ಕೇ. 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಕೆ.ಜಿ.ಎಫ್.ನಲ್ಲೇ ಆರಂಭವಾದದ್ದನ್ನು ಈ ಭಾಗದ ಮಕ್ಕಳಿಗೆ ತಪ್ಪದೆ ಹೇಳಬೇಕು.

ಸಮಯದ ಬಗ್ಗೆ: ಮೊದಲ ಅವಧಿ ಹಂತ 1 ಮತ್ತು 2ಕ್ಕೆ ಸರಿಹೋಗುತ್ತದೆ. ಎರಡನೆಯದರಲ್ಲಿ ಸ್ಮಿತ್ ಸುತ್ತಿಗೆಯನ್ನು ಬಿಟ್ಟರೂ ನಷ್ಟವಿಲ್ಲ, ಅಂಕಪಟ್ಟಿಯನ್ನು ಬಿಡಬಾರದು. ಕಬ್ಬು ಸಿಗದ ಕಾಲದಲ್ಲಿ ಪೇಪರ್ ಸುರುಳಿ ಆದೀತು. ಆದರೆ ಕಬ್ಬಿದ್ದರೆ ಪಾಠ ಮುಗಿಯುವವರೆಗೆ ಕೋರ್‌ಗಳನ್ನು ಶಿಕ್ಷಕರ ಮೇಜಿನ ಮೇಲೆಯೇ ಇಟ್ಟುಕೊಳ್ಳಿ. ಇಲ್ಲವಾದರೆ ಎರಡನೆಯ ಅವಧಿಗೆ ಆರ್‌ಕ್ಯುಡಿ ಸೊನ್ನೆಯಾಗಿರುತ್ತದೆ.